ಮಕ್ಕಳ ದಂಡನೆ ಮತ್ತು ಧರ್ಮಗಳು: ಮಂಚಿಕೇರಿ ಸೀಮೆಯ ಸಮೀಕ್ಷೆ

ಮಕ್ಕಳ ತಪ್ಪು ತಿದ್ದಲು, ಪಾಠ ಕಲಿಸಲು, ಹೇಳಿದ ಮಾತು ಕೇಳಿಸಲು ಹಿರಿಯರು ಅವರ ಮೈಗೆ ನೋವು ಕೊಡುವುದಕ್ಕೆ ದೈಹಿಕ ದಂಡನೆ ಎಂದು ಹೆಸರು. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಬೆತ್ತದ ಏಟು, ಊಟ ಕೊಡದೆ ಕೂರಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಇದು ಸರಿಯೇ, ಸರಿಯಾದರೆ ಎಷ್ಟರ ಮಟ್ಟಿಗೆ ಎಂದು ಧರ್ಮಗಳು ಬಹಳ ಹಿಂದಿನಿಂದಲೂ ಕೇಳಿಕೊಂಡು ಬಂದಿವೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಮಂಚಿಕೇರಿಯನ್ನೂ ಅದರ ಸುತ್ತಲಿನ ಶಿರಸಿ, ಸಿದ್ದಾಪುರ ಸೀಮೆಯನ್ನೂ ಮುಂದಿಟ್ಟುಕೊಂಡು ಆ ಉತ್ತರಗಳನ್ನು ಇಲ್ಲಿ ನೋಡಲಾಗಿದೆ.

ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ, ಶಿಕ್ಷಣ ಎಂದರೆ ಓದು. ಎರಡಕ್ಕೂ ಸಂಸ್ಕೃತದ ಒಂದೇ ಧಾತು ಮೂಲ. ಹಿಂದಿಯವರಿಗೆ ಶಿಕ್ಷಾ ಎಂದರೆ ಕಲಿಕೆ. ಮರಾಠಿಗರಿಗೆ ನಮ್ಮ ಹಾಗೆಯೇ ದಂಡನೆ. ವೇದಪಾಠಶಾಲೆಯ ಹುಡುಗನಿಗೆ ಶಿಕ್ಷಾ ಎಂದರೆ ಆರು ವೇದಾಂಗಗಳಲ್ಲಿ ಒಂದಾದ ಉಚ್ಚಾರಶಾಸ್ತ್ರ. ದಂಡ ಎಂಬ ಮಾತಿಗೂ ಹೀಗೇ ಹಲವು ಮುಖ. ಅದು ಕೋಲೂ ಹೌದು, ತೆರಬೇಕಾದ ಜುಲ್ಮಾನೆಯೂ ಹೌದು. ಆಡುಮಾತಿನಲ್ಲಿ ವ್ಯರ್ಥವಾದದ್ದಕ್ಕೂ ದಂಡವಾಯಿತು ಎನ್ನುತ್ತೇವೆ. ಉಪನಯನದ ದಿನ ವಟುವಿನ ಕೈಗೆ ಕೊಡುವ ಮುತ್ತುಗದ ಕೋಲೂ ದಂಡವೇ. ಆ ಒಂದು ದಿನ ಕೋಲು ಇರುವುದು ಮಗುವಿನ ಕೈಯಲ್ಲಿ.

ಮಂಚಿಕೇರಿ ಯಲ್ಲಾಪುರ ಮತ್ತು ಶಿರಸಿಯ ನಡುವೆ, ಬೇಡ್ತಿ ಹೊಳೆಯ ಆಸುಪಾಸಿನಲ್ಲಿರುವ ಊರು. ಹವ್ಯಕರ ಅಡಿಕೆ ತೋಟಗಳು, ಕಾಡಂಚಿನಲ್ಲಿ ಸಿದ್ದಿಗಳ ಮನೆಗಳು, ಕೃಷಿಕರ ಮತ್ತು ಕುಶಲಕರ್ಮಿಗಳ ಕೇರಿಗಳು ಇಲ್ಲಿ ಹತ್ತಿರ ಹತ್ತಿರ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಯಲ್ಲಾಪುರ, ಅಂಕೋಲೆಯ ಕಡೆ ಹಿಂದೂ ಸಿದ್ದಿಗಳು ಹೆಚ್ಚು. ಹಳಿಯಾಳದ ಕಡೆ ಕ್ರೈಸ್ತರೂ ಮುಸ್ಲಿಮರೂ ಕಾಣಸಿಗುತ್ತಾರೆ. ಶಿರಸಿ ತಾಲೂಕಿನ ಸೋಂದೆಯೊಂದರಲ್ಲೇ ಸ್ವರ್ಣವಲ್ಲಿಯ ಸ್ಮಾರ್ತ ಮಠ, ವಾದಿರಾಜರ ಮಾಧ್ವ ಮಠ, ಜೈನ ಮಠ ಇವೆ. ಯಲ್ಲಾಪುರಕ್ಕೆ ತಾಗಿದ ಮುಂಡಗೋಡ ತಾಲೂಕಿನಲ್ಲಿ 1966ರಲ್ಲಿ ಶುರುವಾದ ಟಿಬೆಟಿಯನ್ನರ ವಸತಿಯೂ ಬೌದ್ಧ ವಿಹಾರಗಳೂ ಇವೆ. ಮಗುವಿನ ಬೆನ್ನಿನ ಬಗ್ಗೆ ಧರ್ಮಗಳು ಏನು ಹೇಳುತ್ತವೆಂದು ತಿಳಿಯಲು ಇಲ್ಲಿಯವರು ದೂರ ಹೋಗಬೇಕಿಲ್ಲ.

ಧರ್ಮಸೂತ್ರ ಮತ್ತು ಸ್ಮೃತಿಗಳು

ವೈದಿಕ ಸಂಪ್ರದಾಯದಲ್ಲಿ ಈ ವಿಷಯದ ಸ್ಪಷ್ಟವಾದ ಹಳೆಯ ಮಾತು ಗೌತಮ ಧರ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿದೆ. ಶಿಷ್ಯನನ್ನು ಹೊಡೆಯದೆ ತಿದ್ದಬೇಕು ಎಂಬುದು ಅದರ ಮೊದಲ ವಿಧಿ. ಹಾಗೆ ಆಗದೇ ಹೋದರೆ ತೆಳುವಾದ ಹಗ್ಗ ಅಥವಾ ಬಿದಿರಿನ ಸೀಳು. ಬೇರೆ ಏನರಿಂದಲಾದರೂ ಹೊಡೆದ ಗುರುವನ್ನು ರಾಜನೇ ದಂಡಿಸಬೇಕು ಎಂದು ಗೌತಮ ಮುಂದುವರಿಸುತ್ತಾನೆ. ಗುರುವಿನ ಅಧಿಕಾರ ಎಲ್ಲಿಗೆ ಮುಗಿಯಿತು, ರಾಜನ ಅಧಿಕಾರ ಎಲ್ಲಿಂದ ಶುರುವಾಯಿತು ಎಂಬ ಗೆರೆಯನ್ನು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಎಳೆದದ್ದು ಸಣ್ಣ ಸಂಗತಿಯಲ್ಲ. ಆಪಸ್ತಂಬ ಧರ್ಮಸೂತ್ರ ಇನ್ನೊಂದು ಪಟ್ಟಿ ಕೊಡುತ್ತದೆ: ಬೈಯುವುದು, ಹೆದರಿಸುವುದು, ಉಪವಾಸ, ತಣ್ಣೀರಿನ ಸ್ನಾನ, ಕಣ್ಣೆದುರು ಬಾರದಂತೆ ದೂರ ಇಡುವುದು. ತಪ್ಪಿನ ತೂಕ ನೋಡಿ ಇವುಗಳಲ್ಲಿ ಒಂದನ್ನು, ಹುಡುಗ ತಪ್ಪು ಬಿಡುವ ತನಕ ಬಳಸಬೇಕು. ಆ ಪಟ್ಟಿಯಲ್ಲಿ ಹೊಡೆತ ಇಲ್ಲ. ಆದರೆ ಹಸಿವೂ ಚಳಿಯೂ ಮೈಯ ನೋವೇ ಎಂಬುದನ್ನು ಇಲ್ಲಿ ಮರೆಯಬಾರದು.

ಮನುಸ್ಮೃತಿಯಲ್ಲಿ ಮೂರು ಕಡೆ ಈ ಮಾತು ಬರುತ್ತದೆ, ಮೂರೂ ಒಂದೇ ಧಾಟಿಯವಲ್ಲ. ಎರಡನೆಯ ಅಧ್ಯಾಯ ಹಿಂಸೆಯಿಲ್ಲದೆ, ಮೃದುವಾದ ಇಂಪು ಮಾತಿನಿಂದ ಕಲಿಸಬೇಕೆನ್ನುತ್ತದೆ. ನಾಲ್ಕನೆಯದು ಯಾರ ಮೇಲೂ ಸಿಟ್ಟಿನಿಂದ ಕೋಲೆತ್ತಬಾರದೆಂದು ಹೇಳಿ, ಮಗನನ್ನೂ ಶಿಷ್ಯನನ್ನೂ ಮಾತ್ರ ತಿದ್ದಲೆಂದು ಹೊಡೆಯಬಹುದೆಂದು ಬಾಗಿಲು ತೆರೆಯುತ್ತದೆ. ಎಂಟನೆಯ ಅಧ್ಯಾಯದ 299 ಮತ್ತು 300ನೆಯ ಶ್ಲೋಕಗಳಲ್ಲಿ ಗೌತಮನ ಹಗ್ಗ ಮತ್ತು ಬಿದಿರು ಮರಳಿ ಬರುತ್ತವೆ. ಹೊಡೆತ ಬೆನ್ನಿಗೆ ಮಾತ್ರ, ತಲೆಗೆ ಎಂದೂ ಇಲ್ಲ. ಮೀರಿದವನಿಗೆ ಕಳ್ಳನಷ್ಟೇ ಪಾಪ. ಇದೇ ಶ್ಲೋಕ ಯಾರನ್ನು ಹೊಡೆಯಬಹುದೆಂದು ಹೇಳುವಾಗ ಮಗನ ಜೊತೆಗೆ ಹೆಂಡತಿ, ದಾಸ, ಆಳು, ತಮ್ಮ ಇವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಹೆಂಡತಿಗೆ, ಆಳಿಗೆ ಹೊಡೆಯುವುದಕ್ಕೆ ಈ ಶ್ಲೋಕವನ್ನು ಆಧಾರ ಮಾಡಿಕೊಳ್ಳಲು ಇಂದು ಯಾರೂ ಮುಂದೆ ಬರಲಾರರು. ಆ ಸಾಲಿನಲ್ಲಿ ಇನ್ನೂ ಬಿಡುಗಡೆಯಾಗದೆ ನಿಂತವನು ಮಗ ಒಬ್ಬನೇ.

ಪಾಠಶಾಲೆಯ ಏಟಿಗೆ ಹೆಚ್ಚು ಹತ್ತಿರದ ಸಾಕ್ಷಿ ಪತಂಜಲಿಯ ಮಹಾಭಾಷ್ಯದಲ್ಲಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಈ ವ್ಯಾಕರಣ ಗ್ರಂಥದಲ್ಲಿ, ಉದಾತ್ತ ಹೇಳಬೇಕಾದಲ್ಲಿ ಅನುದಾತ್ತ ಹೇಳಿದ ಹುಡುಗನ ಕೆನ್ನೆಗೆ ಉಪಾಧ್ಯಾಯ ಏಟು ಕೊಡುವ ಉದಾಹರಣೆ ಬರುತ್ತದೆ. ಸ್ವರ ತಪ್ಪಿದರೆ ಮಂತ್ರದ ಅರ್ಥವೇ ಕೆಡುತ್ತದೆಂಬ ಭಯ ಆ ಏಟಿನ ಹಿಂದಿದೆ. ಬರೆದಿಡದೆ ಬಾಯಿಂದ ಬಾಯಿಗೆ ಉಳಿಸಿದ ವಿದ್ಯೆಗೆ ಒಂದು ಮಾತ್ರೆಯೂ ಆಚೀಚೆ ಆಗದ ಶಿಸ್ತು ಬೇಕಿತ್ತು. ಆ ಶಿಸ್ತಿನ ಭಾರ ಬಿದ್ದದ್ದು ಎಂಟು, ಹತ್ತು ವರ್ಷದ ವಟುಗಳ ಮೇಲೆ. ಗುರುಗಳ ಕೈಯಲ್ಲಿರುವುದು ವಿಷವಲ್ಲ, ಅಮೃತ; ಮುದ್ದಿನಿಂದ ದೋಷ, ಹೊಡೆತದಿಂದ ಗುಣ ಎಂಬ ಅರ್ಥದ ಶ್ಲೋಕವೂ ಅದೇ ಗ್ರಂಥದಲ್ಲಿದೆ. ಚಾಣಕ್ಯನ ಹೆಸರಿನಲ್ಲಿ ಓಡಾಡುವ ಇನ್ನೊಂದು ಸುಭಾಷಿತ, ಐದು ವರ್ಷ ಮುದ್ದು, ಮುಂದಿನ ಹತ್ತು ವರ್ಷ ಹೊಡೆತ, ಹದಿನಾರಕ್ಕೆ ಗೆಳೆತನ ಎಂದು ಲೆಕ್ಕ ಹಾಕಿಕೊಡುತ್ತದೆ.

ಮನೆಮನೆಯಲ್ಲಿ ಬಾಯಿಪಾಠವಾಗಿ ಉಳಿದದ್ದು ಈ ಕೊನೆಯ ಸುಭಾಷಿತ. ಗೌತಮನ ಮೊದಲ ವಿಧಿ ಪಂಡಿತರ ಕಪಾಟಿನಲ್ಲಿ ಉಳಿಯಿತು. ಅಪ್ಪಣೆ ಊರಿಗೆಲ್ಲ ಹಬ್ಬಿತು, ಅದಕ್ಕೆ ಹಾಕಿದ ಬೇಲಿ ಹಬ್ಬಲಿಲ್ಲ. ಮುಂದೆ ಬೇರೆ ಧರ್ಮಗಳಲ್ಲಿಯೂ ಇದೇ ಕಾಣುತ್ತದೆ.

ಪುರಾಣದ ಮಕ್ಕಳು

ವಿಧಿ ಹೇಳುವ ಗ್ರಂಥಗಳಿಗಿಂತ ಈ ಸೀಮೆಯ ಜನರ ಮನಸ್ಸಿಗೆ ಹತ್ತಿರವಾದದ್ದು ಯಕ್ಷಗಾನ, ತಾಳಮದ್ದಳೆ, ಹರಿಕಥೆಗಳ ಮೂಲಕ ಬಂದ ಪುರಾಣ. ಅಲ್ಲಿ ಹೊಡೆತದ ಪಕ್ಷ ಹಿಡಿದವರಿಗೆ ಒಳ್ಳೆಯ ಹೆಸರಿಲ್ಲ. ಭಾಗವತದ ಏಳನೆಯ ಸ್ಕಂಧದಲ್ಲಿ ಐದು ವರ್ಷದ ಪ್ರಹ್ಲಾದನ ಗುರುಗಳು ಶಂಡ ಮತ್ತು ಅಮರ್ಕ. ಹುಡುಗ ತಾವು ಕಲಿಸಿದ್ದನ್ನು ಬಿಟ್ಟು ಹರಿಯ ಮಾತೆತ್ತಿದಾಗ ಗುರು ಬೆತ್ತ ತರಿಸುತ್ತಾನೆ. ಸಾಮ, ದಾನ, ಭೇದ ಮುಗಿದವು, ಇನ್ನು ದಂಡವೇ ಉಳಿದಿದೆ ಎನ್ನುತ್ತಾನೆ. ಬೆತ್ತದಿಂದ ಶುರುವಾದದ್ದು ವಿಷ, ಆನೆ, ಬೆಂಕಿ, ಬೆಟ್ಟದ ತುದಿಯ ತನಕ ಹೋಗುತ್ತದೆ. ಪ್ರಹ್ಲಾದ ಚರಿತ್ರೆಯನ್ನು ಭಕ್ತಿಯ ಕಥೆಯೆಂದು ನೋಡುವುದು ವಾಡಿಕೆ. ಮಾತು ಕೇಳದ ಮಗುವಿನ ಮೇಲೆ ತಂದೆಯ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಅದರೊಳಗಿದೆ; ಮಗುವಿನ ಪರವಾಗಿ ಕಂಬ ಒಡೆದು ಬಂದವನು ದೇವರು.

ದಾಮೋದರ ಲೀಲೆ ಇನ್ನೂ ಸೂಕ್ಷ್ಮ. ಹತ್ತನೆಯ ಸ್ಕಂಧದ ಒಂಬತ್ತನೆಯ ಅಧ್ಯಾಯದಲ್ಲಿ ಮಡಕೆ ಒಡೆದು, ಬೆಣ್ಣೆಯನ್ನು ಕೋತಿಗೆ ಹಂಚುತ್ತಿದ್ದ ಕೃಷ್ಣನ ಹಿಂದೆ ಯಶೋದೆ ಕೋಲು ಹಿಡಿದು ಓಡುತ್ತಾಳೆ. ಹಿಡಿಯುತ್ತಾಳೆ. ಮಗು ಕಾಡಿಗೆ ಕಣ್ಣು ಉಜ್ಜಿಕೊಂಡು ಅಳುತ್ತಿದೆ. ಅದು ಹೆದರಿದೆ ಎಂದು ತಿಳಿದ ಕೂಡಲೇ ಅವಳು ಕೋಲು ಎಸೆಯುತ್ತಾಳೆ. ಆಮೇಲೆ ಒರಳಿಗೆ ಕಟ್ಟುತ್ತಾಳೆ. ಹಗ್ಗ ಪ್ರತಿ ಸಲ ಎರಡು ಬೆರಳು ಸಾಲದೆ ಬರುತ್ತದೆ. ವ್ಯಾಖ್ಯಾನಕಾರರು ಆ ಎರಡು ಬೆರಳಿನ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಕೆಳಗೆ ಬಿದ್ದ ಆ ಕೋಲಿನ ಮೇಲೂ ಅಷ್ಟೇ ಬರೆಯಬಹುದಿತ್ತು. ದಾಸಸಾಹಿತ್ಯ ಈ ತಾಯಿಮಗನ ಜಗಳವನ್ನು ಮನೆಯಂಗಳಕ್ಕೆ ತಂದಿತು. ಗುಮ್ಮನನ್ನು ಕರೆಯಬೇಡವೆಂದು ಕೃಷ್ಣ ತಾಯಿಯ ಬಳಿ ಗೋಗರೆಯುವ ಪುರಂದರದಾಸರ ಕೀರ್ತನೆ ಇಲ್ಲಿಯ ಮಕ್ಕಳಿಗೂ ಗೊತ್ತು.

ಜೈನ ಮತ್ತು ಲಿಂಗಾಯತ ದೃಷ್ಟಿಗಳು

ಗೃಹಸ್ಥನ ಅಹಿಂಸಾ ವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನನೀರು ತಡೆಯುವುದು. ದನಕರುಗಳನ್ನು ಕಣ್ಣ ಮುಂದಿಟ್ಟುಕೊಂಡು ಹೇಳಿದಂತೆ ಕಂಡರೂ ಮಗುವಿಗೂ ಇವು ನೇರವಾಗಿ ತಾಗುತ್ತವೆ. ಆಪಸ್ತಂಬನ ಪಟ್ಟಿಯ ಉಪವಾಸ ಇಲ್ಲಿ ದೋಷಗಳ ಪಟ್ಟಿಗೆ ಸೇರುತ್ತದೆ.

ಕನ್ನಡ ಜೈನ ಸಾಹಿತ್ಯದಲ್ಲಿ ಇದರ ನಿಜವಾದ ಚರ್ಚೆ ವಡ್ಡಾರಾಧನೆಯ ಮೊದಲ ಕಥೆ, ಸುಕುಮಾರಸ್ವಾಮಿಯ ಕಥೆಯಲ್ಲಿದೆ. ಕೌಶಾಂಬಿಯ ಪುರೋಹಿತ ಸೋಮಶರ್ಮ ತೀರಿಕೊಂಡಾಗ ಮಕ್ಕಳಾದ ಅಗ್ನಿಭೂತಿ, ವಾಯುಭೂತಿ ಇಬ್ಬರಿಗೂ ವಿದ್ಯೆಯಿಲ್ಲ, ಮನೆಯ ವೃತ್ತಿ ಕೈ ತಪ್ಪುತ್ತದೆ. ತಾಯಿ ಕಾಶ್ಯಪಿ ಅವರನ್ನು ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನ ಬಳಿ ಕಳಿಸುತ್ತಾಳೆ. ಸೋದರಮಾವನೆಂಬ ಸಲಿಗೆಯಲ್ಲಿ ಓದು ಕೆಟ್ಟೀತೆಂದು ಅವನು ತನಗೆ ತಂಗಿಯೇ ಇಲ್ಲ ಎನ್ನುತ್ತಾನೆ. ಭಿಕ್ಷೆ ಬೇಡಿ ಉಂಡು ಓದುವಂತೆ ಮಾಡುತ್ತಾನೆ. ಓದು ಮುಗಿದ ದಿನ ನಿಜ ಹೇಳಿದಾಗ ಅಗ್ನಿಭೂತಿ ಕೃತಜ್ಞನಾಗುತ್ತಾನೆ. ವಾಯುಭೂತಿಯ ಎದೆಯಲ್ಲಿ ಹಗೆ ಹುಟ್ಟುತ್ತದೆ, ಆ ಹಗೆ ಅವನನ್ನು ಜನ್ಮಜನ್ಮ ಅಲೆಸುತ್ತದೆ. ಕಥೆಯ ಧರ್ಮದೃಷ್ಟಿ ಮಾವನ ಪರ. ಆದರೂ ಒಂದೇ ಕಠೋರತೆ ಒಬ್ಬನಲ್ಲಿ ವಿನಯವಾಗಿ, ಇನ್ನೊಬ್ಬನಲ್ಲಿ ವಿಷವಾಗಿ ಬೆಳೆಯಿತೆಂದು ಸಾವಿರ ವರ್ಷದ ಹಿಂದಿನ ಕನ್ನಡ ಗದ್ಯ ಬರೆದಿಟ್ಟಿತು. ಅಲ್ಲಿ ಒಂದೇ ಒಂದು ಏಟು ಬಿದ್ದಿರಲಿಲ್ಲ ಎಂಬುದು ಗಮನಿಸಬೇಕಾದದ್ದು.

ಬನವಾಸಿ ಕಡೆಯ ಲಿಂಗಾಯತರಲ್ಲಿ ಕೂಸಿಗೆ ಎಳವೆಯಲ್ಲೇ ಲಿಂಗಧಾರಣೆ ಮಾಡುವ ಸಂಪ್ರದಾಯವಿದೆ. ಮಕ್ಕಳ ದಂಡನೆಯ ಕಟ್ಟಳೆಗಳನ್ನು ವಚನಕಾರರು ಬರೆಯಲಿಲ್ಲ. ದಯೆಯನ್ನು ಧರ್ಮದ ಬುಡದಲ್ಲಿ ಇಟ್ಟವರಿಗೆ ಅದು ಬೇಕಾಗಲಿಲ್ಲವೇನೋ.

ಇಸ್ಲಾಂ

ಇಸ್ಲಾಮಿನಲ್ಲಿ ಚರ್ಚೆ ಸುತ್ತುವುದು ಅಬೂ ದಾವೂದ್ ಸಂಗ್ರಹದ ಒಂದು ಹದೀಸಿನ ಸುತ್ತ: ಏಳು ವರ್ಷಕ್ಕೆ ಮಕ್ಕಳಿಗೆ ನಮಾಜು ಹೇಳಿಕೊಡಿ, ಹತ್ತಾದರೂ ಬಿಟ್ಟರೆ ಹೊಡೆಯಿರಿ ಎಂಬ ಅರ್ಥದ್ದು. ಮೊದಲ ಭಾಗದಲ್ಲಿರುವ ಮೂರು ವರ್ಷದ ತಾಳ್ಮೆಯನ್ನು ವಿದ್ವಾಂಸರು ಎತ್ತಿ ತೋರಿಸುತ್ತಾರೆ. ಹೊಡೆತ ಹಗುರವಿರಬೇಕು, ಗುರುತು ಮೂಡಬಾರದು, ಮುಖಕ್ಕೆ ಕೂಡದು, ಸಿಟ್ಟಿನಲ್ಲಿ ಕೂಡದು ಎಂಬ ಷರತ್ತುಗಳು ಮುಖ್ಯ ಪಂಥಗಳಲ್ಲೆಲ್ಲ ಇವೆ. ಒಂಬತ್ತನೆಯ ಶತಮಾನದಲ್ಲಿ ಇಂದಿನ ಟ್ಯುನೀಶಿಯಾದ ಕೈರವಾನಿನ ಇಬ್ನ್ ಸಹನೂನ್ ಮಕ್ಕಳ ಉಸ್ತಾದರ ನಡತೆಗೆಂದೇ ಪುಸ್ತಕ ಬರೆದು ಏಟುಗಳಿಗೆ ಮೂರರ ಮಿತಿ ಹೇಳಿದ.

ಇನ್ನೊಂದು ಕಡೆ ಪ್ರವಾದಿಯವರ ನಡೆಯೇ ಇದೆ. ಅವರು ಹೆಂಗಸರಿಗಾಗಲಿ ಸೇವಕರಿಗಾಗಲಿ ಎಂದೂ ಕೈ ಎತ್ತಲಿಲ್ಲ ಎಂಬುದು ಆಯಿಷಾ ಅವರ ಹೇಳಿಕೆ; ಹುಡುಗನಾಗಿ ಹತ್ತು ವರ್ಷ ಅವರ ಸೇವೆ ಮಾಡಿದ ಅನಸ್, ಒಮ್ಮೆಯೂ ಬೇಸರದ ಉದ್ಗಾರ ಕೇಳಲಿಲ್ಲ ಎಂದಿದ್ದಾರೆ. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ತನ್ನ ಮುಕದ್ದಿಮಾದಲ್ಲಿ ಹೇಳಿದ್ದು ಧರ್ಮಶಾಸ್ತ್ರಕ್ಕಿಂತ ಮನಶ್ಶಾಸ್ತ್ರಕ್ಕೆ ಹತ್ತಿರ. ಬಿರುಸಿನಿಂದ ಬೆಳೆಸಿದ ಮಗು ಏಟು ತಪ್ಪಿಸಿಕೊಳ್ಳಲು ಸುಳ್ಳು ಕಲಿಯುತ್ತದೆ, ಆ ಸುಳ್ಳು ಕೊನೆಗೆ ಸ್ವಭಾವವಾಗುತ್ತದೆ ಎಂಬುದು ಅವನ ವಾದ. ಮಕ್ಕಳ ಜೊತೆ ಒಂದು ವರ್ಷ ಕಳೆದ ಯಾವ ಮಾಸ್ತರರೂ ಅಕ್ಕೋರೂ ಇದನ್ನು ತಳ್ಳಿಹಾಕಲಾರರು.

ಕ್ರೈಸ್ತ ಮತ್ತು ಬೌದ್ಧ ದೃಷ್ಟಿಗಳು

ಬೈಬಲಿನ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳಲ್ಲಿ, ಬೆತ್ತ ಹಿಡಿಯದ ತಂದೆಗೆ ಮಗನ ಮೇಲೆ ಪ್ರೀತಿಯಿಲ್ಲ ಎಂಬ ಅರ್ಥದ ಮಾತು 13ನೆಯ ಅಧ್ಯಾಯದಲ್ಲಿದೆ; 22, 23, 29ನೆಯ ಅಧ್ಯಾಯಗಳಲ್ಲೂ ಬೆತ್ತ ಬರುತ್ತದೆ. ಅಲ್ಲಿ ಬಳಸಿದ ಹೀಬ್ರೂ ಪದ ಶೆಬೆತ್. 23ನೆಯ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿದ್ದು ಕುರಿಗೆ ಧೈರ್ಯ ಕೊಡುವ ಕೋಲಿಗೂ ಅದೇ ಪದ. ಕುರುಬ ಕೋಲಿನಿಂದ ದಾರಿ ತೋರಿಸುತ್ತಾನೆ, ತೋಳವನ್ನು ಅಟ್ಟುತ್ತಾನೆ ಎಂದು ಇಂದಿನ ಅನೇಕ ಕ್ರೈಸ್ತ ವ್ಯಾಖ್ಯಾನಕಾರರು ಅರ್ಥ ಹಚ್ಚುತ್ತಾರೆ. ಜ್ಞಾನೋಕ್ತಿಯ ಬೆತ್ತ ಬರೀ ಉಪಮೆ ಎಂದು ಒಪ್ಪುವುದು ಕಷ್ಟ, ಅಲ್ಲಿ ಹೊಡೆಯುವ ಮಾತು ನೇರವಾಗಿಯೇ ಇದೆ. ಹೊಸ ಒಡಂಬಡಿಕೆಯಲ್ಲಿ ಪೌಲನ ಹೆಸರಿನ ಎಫೆಸ ಮತ್ತು ಕೊಲೊಸ್ಸೆ ಪತ್ರಗಳು ಮಕ್ಕಳನ್ನು ಕೆರಳಿಸಬೇಡಿ, ಅವರ ಮನಗುಂದಿಸಬೇಡಿ ಎಂದು ತಂದೆಯರಿಗೆ ಹೇಳುತ್ತವೆ. ಒಂದೇ ಸಭೆಯೊಳಗೂ ಮಾತು ಇನ್ನೂ ಮುಗಿದಿಲ್ಲ. 2015ರ ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್, ಮಗುವಿನ ಮಾನ ಕಾಯಲು ಮುಖ ಬಿಟ್ಟು ಬೇರೆಡೆ ಏಟು ಕೊಡುವ ತಂದೆಯೊಬ್ಬನನ್ನು ಮೆಚ್ಚಿ ಮಾತನಾಡಿದ್ದು ಕಥೋಲಿಕರಲ್ಲೇ ಟೀಕೆಗೆ ಗುರಿಯಾಯಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆ 2004ರಲ್ಲೇ ದೈಹಿಕ ದಂಡನೆಯ ವಿರುದ್ಧ ನಿರ್ಣಯ ಮಾಡಿತ್ತು.

ಮುಂಡಗೋಡದ ಡ್ರೆಪುಂಗ್, ಗಾಂದೆನ್ ವಿಹಾರಗಳ ಹಿಂದಿರುವ ಬೌದ್ಧ ಪರಂಪರೆಯಲ್ಲಿ ಧಮ್ಮಪದದ ಹತ್ತನೆಯ ವರ್ಗಕ್ಕೆ ದಂಡವರ್ಗವೆಂದೇ ಹೆಸರು, ಕೋಲಿಗೆ ಜೀವಿಗಳು ಪಡುವ ಭಯವೇ ಅದರ ವಸ್ತು. ಪಾಲಿ ವಿನಯದಲ್ಲಿ ಸಿಟ್ಟಿನಿಂದ ಇನ್ನೊಬ್ಬ ಭಿಕ್ಷುವಿಗೆ ಹೊಡೆಯುವುದು ಅಪರಾಧ. ಆ ನಿಯಮ ಹುಟ್ಟಿದ ಕಥೆಯಲ್ಲಿ ಹೊಡೆತ ತಿಂದು ಅತ್ತವರು ಹದಿನೇಳು ಜನರ ಗುಂಪು, ಎಳೆಯ ವಯಸ್ಸಿನಲ್ಲಿ ಸಂಘ ಸೇರಿದ್ದ ಹುಡುಗರು. ಬುದ್ಧ ತನ್ನ ಮಗ ರಾಹುಲನಿಗೆ ಸುಳ್ಳಿನ ಕೇಡು ತಿಳಿಸಲು ಬಳಸಿದ್ದು ಪಾತ್ರೆಯ ತಳದಲ್ಲಿ ಉಳಿದ ಸ್ವಲ್ಪ ನೀರು. ಇಷ್ಟಿದ್ದೂ ಟಿಬೆಟಿಯನ್ ವಿಹಾರಗಳ ಸಂಪ್ರದಾಯದಲ್ಲಿ ಗೆಕೊ ಎಂಬ ಶಿಸ್ತುಪಾಲಕನಿದ್ದಾನೆ, ಹಿಂದಿನಿಂದ ಅವನ ಕೈಯಲ್ಲಿ ಕೋಲೂ ಇತ್ತು. ಅಹಿಂಸೆಯ ಗ್ರಂಥ ಇದ್ದಲ್ಲೆಲ್ಲ ಅಹಿಂಸೆಯ ತರಗತಿ ತಾನಾಗಿ ಹುಟ್ಟುವುದಿಲ್ಲ.

ಮಂಚಿಕೇರಿಯ ರಂಗ

1980ರ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳನ್ನೇ ನಟರಾಗಿಸಿ ನಾಟಕ ಕಟ್ಟಿದರು. ಅವುಗಳಲ್ಲಿ ಒಂದಾದ 'ಕಪ್ಪು ಜನ ಕೆಂಪು ನೆರಳು' ನೈಜೀರಿಯಾದ ಚಿನುವ ಅಚೆಬೆಯ ಮೊದಲ ಕಾದಂಬರಿಯ ರಂಗರೂಪ. ಆ ಕಾದಂಬರಿಯ ಒಕೊಂಕ್ವೊ ತನ್ನ ಮಗ ನ್ವೊಯೆಯನ್ನು ಗಂಡಸಾಗಿಸಲು ಬೈದು ಹೊಡೆದು ಬೆಳೆಸುತ್ತಾನೆ. ಮಗ ಮಿಷನರಿಗಳ ಜೊತೆ ಕಾಣಿಸಿಕೊಂಡ ದಿನ ಅವನ ಕುತ್ತಿಗೆ ಹಿಡಿದು ಬಾರಿಸುತ್ತಾನೆ. ಹುಡುಗ ಮನೆ ಬಿಟ್ಟು ಹೊಸ ಧರ್ಮಕ್ಕೆ ಹೋಗುತ್ತಾನೆ. ಅದೇ ಕಥೆಯಲ್ಲಿ ಬಿತ್ತನೆಗೆ ಮುಂಚಿನ ಶಾಂತಿವಾರದಲ್ಲಿ ಹೆಂಡತಿಗೆ ಹೊಡೆದ ಒಕೊಂಕ್ವೊ ಭೂಮಿತಾಯಿಗೆ ತಪ್ಪುಕಾಣಿಕೆ ತೆರಬೇಕಾಗುತ್ತದೆ. ಅವನ ಕುಲದ ಧರ್ಮಕ್ಕೂ ಕೈ ತಡೆಯುವುದು ಗೊತ್ತಿತ್ತು. ಹಿಂದಿನ ಪೀಳಿಗೆಗಳಲ್ಲಿ ಒಡೆಯರ ಮನೆಗಳಲ್ಲಿ ದುಡಿದು ಬದುಕಿದ, ತಮ್ಮೊಳಗೆ ಮೂರು ಧರ್ಮಗಳನ್ನು ಹೊತ್ತ ಸಮುದಾಯ ಈ ತಂದೆಮಗನನ್ನು ರಂಗದ ಮೇಲೆ ತಂದದ್ದನ್ನು ಈ ವಿಷಯದ ಯಾವ ಸಮೀಕ್ಷೆಯೂ ಬಿಡಬಾರದು.

ಶಾಲೆ, ಛಡಿ, ಕಾನೂನು

ಹಳೆಯ ಗಾಂವಠಿ ಶಾಲೆಗಳ ದಂಡನೆಗಳಿಗೆ ಕೋದಂಡ ಹಾಕುವುದು ಎಂಬಂಥ ಹೆಸರುಗಳಿದ್ದವು: ಮಗು ಜಂತಿಗೆ ಕಟ್ಟಿದ ಹಗ್ಗ ಹಿಡಿದು ಜೋತಾಡಬೇಕು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮರಾಠಿಯ ಛಡಿ ಎಂಬ ಮಾತು ಇಲ್ಲಿಯ ಶಾಲೆಗಳಲ್ಲಿ ನೆಲೆಯೂರಲು ಆ ಆಡಳಿತದ ನಂಟೂ ಕಾರಣವಿರಬೇಕು. ಶಾಲೆ ಸರಕಾರದ್ದಾದರೂ ಛಡಿಗೆ ಸಿಕ್ಕ ಗೌರವ ಧರ್ಮದ್ದು: ಗುರುವಿನ ಏಟು ಪ್ರಸಾದ ಎಂಬ ಭಾವ ಪಾಠಶಾಲೆಯಿಂದ ಕನ್ನಡ ಶಾಲೆಗೆ ದಾಟಿತು.

1934ರಲ್ಲಿ ಗಾಂಧೀಜಿ ಶಿರಸಿಗೆ ಬಂದರು. ಮಾರಿಕಾಂಬೆಯ ಜಾತ್ರೆಯ ಕೋಣನ ಬಲಿ ನಿಂತ ಕಾಲ ಅದು. ದೇವರ ಹೆಸರಿನ ಹಿಂಸೆಯೊಂದನ್ನು ಈ ಸೀಮೆ ತಾನಾಗಿ ಬಿಟ್ಟ ಉದಾಹರಣೆ. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಒಬ್ಬ ಹುಡುಗನ ತೋಳಿಗೆ ರೂಲುಕೋಲಿನಿಂದ ಹೊಡೆದದ್ದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೊಡೆಯುವಾಗ ಅವರ ಮೈ ನಡುಗಿತ್ತು. ಹುಡುಗ ತಿದ್ದಿಕೊಂಡರೂ ತಾವು ಮಾಡಿದ್ದು ಸರಿಯೆಂದು ಅವರಿಗೆ ಕೊನೆಗೂ ಅನ್ನಿಸಲಿಲ್ಲ.

ಭಾರತ 1992ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. 2006ರ ಆಗಸ್ಟಿನಲ್ಲಿ ಜಪಾನಿನ ಕ್ಯೋಟೊದಲ್ಲಿ ಸೇರಿದ ವಿಶ್ವಧರ್ಮಗಳ ಶಾಂತಿಸಭೆ, ಮಕ್ಕಳ ಮೇಲಿನ ಹಿಂಸೆಯನ್ನು ಎದುರಿಸುವ ಬಹುಧರ್ಮೀಯ ಘೋಷಣೆ ಹೊರಡಿಸಿತು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ, ಗೋವಾ, ಮಹಾರಾಷ್ಟ್ರ ಸೇರಿ 13 ರಾಜ್ಯಗಳ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ಶೇ 65ರಷ್ಟು ಮಂದಿ ಏಟು ತಿಂದದ್ದಾಗಿ ಹೇಳಿದ್ದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2012ರ ತಿದ್ದುಪಡಿ ಮದರಸಾ, ವೇದಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ವಿದ್ಯೆ ಕಲಿಸುವ ಸಂಸ್ಥೆಗಳನ್ನು ಆ ಕಾಯಿದೆಯ ಹೊರಗಿಟ್ಟಿತು. ಉದ್ದೇಶ ಧಾರ್ಮಿಕ ವಿದ್ಯೆಗೆ ಸ್ವಾತಂತ್ರ್ಯ ಉಳಿಸುವುದಾಗಿರಬಹುದು. ಆದರೆ ಕಟ್ಟಡ, ಪಠ್ಯಕ್ರಮಗಳ ನಿಯಮಗಳ ಜೊತೆಗೆ ಅಲ್ಲಿಯ ಮಗುವಿನ ಮೈಗಿದ್ದ ರಕ್ಷಣೆಯೂ ಹೊರಗೆ ಹೋಯಿತು. ಇದು ದೊಡ್ಡ ತಪ್ಪು. ಸೂತ್ರಗ್ರಂಥಗಳ ಪಾಠ ನಡೆಯುವ ಜಾಗಕ್ಕೆ ಗೌತಮನ ರಾಜ ಪ್ರವೇಶಿಸದಂತೆ ಬಾಗಿಲು ಹಾಕಿದ ಹಾಗಾಯಿತು.

ಆ ಬಾಗಿಲಿಗೆ ಇನ್ನೊಂದು ಕಡೆಯಿಂದ ದಾರಿ ಇದೆ. 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮು, ಮಗುವಿನ ಹೊಣೆ ಹೊತ್ತ ಯಾರೇ ಆಗಲಿ ಅದಕ್ಕೆ ಅನಗತ್ಯ ನೋವುಂಟಾಗುವಂತೆ ಥಳಿಸಿದರೆ ಮೂರು ವರ್ಷದ ತನಕ ಸೆರೆ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಪಾಠಶಾಲೆಯ ಗುರು, ಮದರಸಾದ ಉಸ್ತಾದ್, ವಿಹಾರದ ಗೆಕೊ ಯಾರನ್ನೂ ಅದು ಹೊರಗಿಟ್ಟಿಲ್ಲ. ಮನೆಯೊಳಗಿನ ಏಟಿನ ಮಾತು ಬೇರೆ. ಹನ್ನೆರಡರ ಒಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದ್ಭಾವದಿಂದ ಮಾಡಿದ ಕೆಲಸಕ್ಕೆ ಭಾರತೀಯ ದಂಡ ಸಂಹಿತೆಯ 89ನೆಯ ಕಲಮು ಕೊಟ್ಟಿದ್ದ ರಕ್ಷಣೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮಿನಲ್ಲಿ ಹಾಗೆಯೇ ಮುಂದುವರಿದಿದೆ. ಸ್ವೀಡನ್ 1979ರಲ್ಲಿ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತ್ತು. ದಕ್ಷಿಣ ಏಷ್ಯಾದಲ್ಲಿ ಹಾಗೆ ಮಾಡಿದ ಮೊದಲ ದೇಶ, 2018ರಲ್ಲಿ, ನೇಪಾಳ.